ಹುಬ್ಬಳ್ಳಿ ಗೋಕುಲ್ ರೋಡಿಂದ ಧಾರವಾಡದ ಬೇಲೂರಿಗೆ, ಪುಣೆ ಮೇಲಿಂದ ಹಾಯ್ದು: ಒಬ್ಬ ಪ್ಯಾನೆಲ್ ಹುಡುಗನ ಆನ್‌ಲೈನ್ ನೆಟ್‌ವರ್ಕಿನ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಈ ಹುಡುಗನ ನಿಜವಾದ ಹೆಸರು ಮಂಜ ಅಲ್ಲ. ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ, ಅವನು ಕೆಲ್ಸ ಮಾಡಿದ ಕಂಪನಿಗಳ ಹೆಸರು ಎಲ್ಲೂ ಹಾಕಿಲ್ಲ, ಗುರುತು ಸಿಗಬಾರ್ದು ಅಂತ ಒಂದೆರಡು ವಿವರ ಆಚೀಚೆ ಮಾಡಿದೀನಿ. ಆದ್ರೆ ಯಾವ ನಿರ್ಧಾರ ಯಾವಾಗ ತಗೊಂಡ, ಎಲ್ಲಿ ಮುಗ್ಗರಿಸ್ದ ಅನ್ನೋದು ಮಾತ್ರ ಇದ್ದಂಗೇ ಇದೆ. ಅದ್ರಲ್ಲಿ ನನ್ನ ಎಡವಟ್ಟೂ ಒಂದಿದೆ, ಅದನ್ನೂ ಬಿಟ್ಟಿಲ್ಲ.

ಹಿನ್ನೆಲೆ

ಮಂಜ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವ್ನು, ಅಪ್ಪಂದು ಊರಲ್ಲಿ ಸಣ್ಣ ಕಿರಾಣಿ ಅಂಗಡಿ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗ್ಸಿ ಹುಬ್ಬಳ್ಳಿ ಗೋಕುಲ್ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಒಂದು ಪ್ಯಾನೆಲ್ ಶಾಪಿಗೆ ಸೇರ್ಕೊಂಡ. ಗೊತ್ತಿಲ್ದೋರಿಗೆ ಹೇಳೋದಾದ್ರೆ, ಅಕ್ಕಿ ಮಿಲ್ಲು, ಸಕ್ಕರೆ ಫ್ಯಾಕ್ಟರಿ, ನೀರಿನ ಪಂಪ್‌ಹೌಸು ಇವಕ್ಕೆಲ್ಲ ಬೀರು ಥರದ ಉಕ್ಕಿನ ಡಬ್ಬ ಇರುತ್ತಲ್ಲ, ಒಳಗೆ ಕಾಂಟ್ಯಾಕ್ಟರು, ಬ್ರೇಕರು, ಮೋಟರ್ ವೇಗ ಹಿಡಿತದಲ್ಲಿಡೋ ವಿಎಫ್‌ಡಿ (ಇದನ್ನೇ ಡ್ರೈವ್ ಅನ್ನೋದು), ಮಷಿನ್ ನಡೆಸೋ ಕಂಪ್ಯೂಟರ್ ಥರದ ಪಿಎಲ್‌ಸಿ ಎಲ್ಲ ಕೂರ್ಸಿ, ಒಂದೊಂದು ವೈರಿಗೂ ಗುರುತಿಗೆ ನಂಬರಿನ ಉಂಗುರ, ಅಂದ್ರೆ ಫೆರೂಲ್ ಹಾಕಿ, ಸೈಟಿಗೆ ತಗೊಂಡ್ ಹೋಗಿ ಚಾಲೂ ಮಾಡ್ಕೊಟ್ಟು ಬರೋದು, ಅದೇ ಕೆಲ್ಸ. ಐದು ವರ್ಷ ಮಾಡಿದ್ದ. ಸಂಬಳ ಹದಿನಾರೂವರೆ ಸಾವಿರ.

ನಾನು ಅವನ್ನ ನೋಡಿದ್ದು ದಾವಣಗೆರೆ ಕಡೆ ಒಂದು ಸೈಟಲ್ಲಿ. ನಾನು ಪೀಣ್ಯದಿಂದ ಬಂದಿದ್ದೆ, ಪಿಎಲ್‌ಸಿ ಪ್ರೋಗ್ರಾಂ ನಮ್ದು, ಪ್ಯಾನೆಲ್ ಅವರ ಶಾಪಿಂದು. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಕೈ ಚೆಲ್ಲಿ ಕೂತಾಗ ಇವನೊಬ್ನೇ ಟಾರ್ಚ್ ಬಾಯಲ್ಲಿ ಕಚ್ಕೊಂಡು ಟರ್ಮಿನಲ್ ಒಂದೊಂದಾಗಿ ಎಳೆದು ನೋಡ್ತಿದ್ದ, ಸಡಿಲ ಆಗಿದ್ದ ನ್ಯೂಟ್ರಲ್ ಹುಡುಕಿದ್ದು ಅವನೇ. ಅವತ್ತೇ ನಂಬರ್ ಇಸ್ಕೊಂಡೆ.

ಸಮಸ್ಯೆ ಏನಪ್ಪಾ ಅಂದ್ರೆ ಕೈಯಲ್ಲಿ ಕೆಲ್ಸ ಇದೆ, ಅದು ಗೊತ್ತಿರೋದು ಅವನ ಮಾಲಕ್ರಿಗೆ, ನಾಲ್ಕು ಜನ ಎಲೆಕ್ಟ್ರಿಷಿಯನ್‌ಗಳಿಗೆ, ಇಬ್ರು ಸ್ಪೇರ್ ಪಾರ್ಟ್ ಅಂಗಡಿಯವ್ರಿಗೆ. ಇವ್ರೆಲ್ಲ ಒಬ್ರಿಗೊಬ್ರು ಗೊತ್ತಿರೋರೇ. ಒಬ್ಬನಿಗೆ ಗೊತ್ತಿಲ್ದೇ ಇರೋ ಕೆಲ್ಸ ಇನ್ನೊಬ್ಬನಿಗೂ ಗೊತ್ತಿರಲ್ಲ. ಅವನಿಗೆ ಪಿಎಲ್‌ಸಿ ಕಮಿಷನಿಂಗ್ ಕಡೆ, ಅಂದ್ರೆ ಪ್ರೋಗ್ರಾಂ ಹಾಕಿ ಮಷಿನ್ ಚಾಲೂ ಮಾಡ್ಕೊಡೋ ಕೆಲ್ಸಕ್ಕೆ ಹೋಗ್ಬೇಕಿತ್ತು, ಅಲ್ಲಿರೋ ಒಬ್ಬನೇ ಒಬ್ಬ ಪರಿಚಯಸ್ಥ ಅಂದ್ರೆ ನಾನು, ನಮ್ಮಲ್ಲಿ ಆಗ ಜಾಗ ಇರ್ಲಿಲ್ಲ.

ಮೊದಲ ಸುತ್ತು: ಲೆಕ್ಕ ಹೆಚ್ಚಿಸೋ ಆಟ

2022ರ ಆಗಸ್ಟಲ್ಲಿ, ಕೆಲ್ಸದ ಪರಿಚಯಕ್ಕಂತ ಇರೋ ಲಿಂಕ್ಡ್‌ಇನ್ ಸೈಟಲ್ಲಿ ಪ್ರೊಫೈಲ್ ಮಾಡ್ದ. ಯಾವ್ದೋ ವಿಡಿಯೋ ನೋಡ್ಕೊಂಡು, ಐನೂರು ಕನೆಕ್ಷನ್ ದಾಟಿದ್ರೆ ಪ್ರೊಫೈಲಿಗೆ ತೂಕ ಬರುತ್ತೆ ಅಂತ, ದಿನಾ ರಾತ್ರಿ ಕೂತು ಸಿಕ್ಕ ಸಿಕ್ಕ ಎಚ್‌ಆರ್‌ಗಳಿಗೆಲ್ಲ ರಿಕ್ವೆಸ್ಟ್ ಕಳ್ಸ್‌ದ. ನಾಲ್ಕು ವಾರದಲ್ಲಿ ಸುಮಾರು 480. ಯಾರು ಏನು ಅಂತ ನೋಡಿಲ್ಲ, ಹೆಸರಿನ ಕೆಳಗೆ ಎಚ್‌ಆರ್ ಅಂತಿದ್ರೆ ಒತ್ತೋದು. ಒಪ್ಪಿದವರಿಗೆ ಒಂದೇ ಮೆಸೇಜು, ಎಲ್ಲರಿಗೂ ಅದೇ: ಡಿಯರ್ ಸರ್, ಕೈಂಡ್ಲಿ ಫೈಂಡ್ ಮೈ ರೆಸ್ಯೂಮೆ. ಹೆಂಗಸರಿಗೂ ಡಿಯರ್ ಸರ್ರೇ.

ಮುಂದೇನಾಗ್ಬೇಕೋ ಅದೇ ಆಯ್ತು. ಕಳ್ಸಿದ ರಿಕ್ವೆಸ್ಟ್‌ನಲ್ಲಿ ಬಹಳಷ್ಟನ್ನ ಜನ ನೋಡ್ದೇ ಬಿಟ್ರೆ ಲಿಂಕ್ಡ್‌ಇನ್ ಒಂದು ವಾರ ಹೊಸ ರಿಕ್ವೆಸ್ಟ್ ಕಳ್ಸೋದನ್ನೇ ನಿಲ್ಲಿಸ್ಬಿಡುತ್ತೆ, ಇವನಿಗೆ ಅದು ಎರಡು ಸಲ ಆಯ್ತು. ಉತ್ತರ ಬಂದಿದ್ದು ಒಂದೇ, ಅದೂ ಒಂದು ಕನ್ಸಲ್ಟೆನ್ಸಿಯಿಂದ, ಇಂಟರ್ವ್ಯೂ ಗ್ಯಾರಂಟಿ, ರಿಜಿಸ್ಟ್ರೇಶನ್ ಫೀಸು ಮೂರೂವರೆ ಸಾವಿರ ಅಂತ. ಕಟ್ಟೇ ಬಿಟ್ಟ. ಆಮೇಲೆ ಆ ನಂಬರು ಹತ್ತಲೇ ಇಲ್ಲ. ಇದನ್ನ ನನಗೆ ಹೇಳಿದ್ದು ಆರು ತಿಂಗಳಾದ್ಮೇಲೆ, ನಾಚಿಕೆ ಪಾಪ. ಕೆಲ್ಸ ಕೊಡೋರು ದುಡ್ಡು ಕೇಳಲ್ಲ, ದುಡ್ಡು ಕೇಳೋರು ಕೆಲ್ಸ ಕೊಡಲ್ಲ ಅಂತ ಎಲ್ಲರಿಗೂ ಬಾಯಿಪಾಠ ಇರುತ್ತೆ, ಆದ್ರೂ ಎರಡು ತಿಂಗಳು ಯಾರೂ ಕ್ಯಾರೇ ಅನ್ನದೇ ಇದ್ದಾಗ ಮೊದ್ಲು ಮಾತಾಡ್ಸ್‌ದವನ ಮೇಲೆ ನಂಬಿಕೆ ಬಂದ್ಬಿಡುತ್ತೆ.

ಅಕ್ಟೋಬರಲ್ಲಿ ಫೋನ್ ಮಾಡ್ದ. "ಸರ, ಎರಡ್ ತಿಂಗಳಾತ್ರಿ, ಒಬ್ರೂ ರಿಪ್ಲೈ ಮಾಡವಲ್ರು. ನನ್ನ ಪ್ರೊಫೈಲ್‌ನ್ಯಾಗ ಏನರ ತಪ್ ಐತೇನ್ರಿ?"

ನಾನು ನೋಡೋ ಹೊತ್ತಿಗೆ ಇನ್ನೊಂದು ಅನಾಹುತ ಆಗಿತ್ತು. ಫೋಟೋ ಸುತ್ತ ಹಸಿರು ಬಳೆ. ಕೆಲ್ಸ ಹುಡುಕ್ತಿದೀನಿ ಅಂತ ತೋರ್ಸೋ ಆ ಸೆಟ್ಟಿಂಗ್‌ನಲ್ಲಿ ಎರಡು ಆಯ್ಕೆ ಇದೆ, ಒಂದು ಎಲ್ಲರಿಗೂ ಕಾಣೋದು, ಇನ್ನೊಂದು ರಿಕ್ರೂಟರ್‌ಗಳಿಗೆ ಮಾತ್ರ. ಎರಡನೇದ್ರಲ್ಲೂ ನಿಮ್ಮ ಕಂಪನಿಯವ್ರಿಗೆ ಗೊತ್ತಾಗ್ದೇ ಇರೋಕೆ ಪ್ರಯತ್ನ ಮಾಡ್ತೀವಿ ಅಂತಾರೆ ಅಷ್ಟೇ, ಗ್ಯಾರಂಟಿ ಕೊಡಲ್ಲ. ಇವನು ಮೊದಲ್ನೇದು ಒತ್ತಿದ್ದ. ಮಾಲಕರ ಅಕ್ಕನ ಮಗ ಬೆಂಗಳೂರಲ್ಲಿ ಐಟಿಯಲ್ಲಿದಾನೆ, ಅವನು ನೋಡಿ ಸ್ಕ್ರೀನ್‌ಶಾಟ್ ತೆಗ್ದು ಮಾವನಿಗೆ ಕಳ್ಸ್‌ದ. ಮಾರನೇ ದಿನ ಶಾಪಲ್ಲಿ ಎಲ್ಲರ ಎದುರಿಗೆ ಮಾಲಕ್ರು ಕೇಳಿದ್ರಂತೆ: "ಏನೋ ಮಂಜ್ಯಾ, ಹಸಿರು ಬಳಿ ತೊಟ್ಟು ಕುಂತೀಯಂತ? ಕುಬಸ ಯಾವಾಗೋ?"

ಕುಬಸ ಅಂದ್ರೆ ಆ ಕಡೆ ಸೀಮಂತ. ಶಾಪಲ್ಲಿ ನಗೆ. ಇವನಿಗೆ ಭೂಮಿ ಬಾಯ್ಬಿಟ್ರೆ ಸಾಕಾಗಿತ್ತು. ಆ ವರ್ಷದ ದೀಪಾವಳಿ ಬೋನಸ್ಸಲ್ಲಿ ಎರಡು ಸಾವಿರ ಕಡಿಮೆ ಬಂತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಮಾಲಕ್ರು ಈಗ್ಲೂ ಹೇಳ್ತಾರೆ.

ಯಾರು ಬೇಕು ಅಂತ ಮೊದಲು ಕೇಳ್ಕೊಂಡಿದ್ದು

ಬಳೆ ತೆಗ್ಸಿ, ಒಂದು ಭಾನುವಾರ ಫೋನಲ್ಲಿ ಕೂತ್ವಿ. ನಾನು ಕೇಳಿದ್ದು ಒಂದೇ: ನಿನ್ನ ಕೆಲ್ಸ ಚೆನ್ನಾಗಿದೆ ಅಂತ ನೋಡಿದ ಕೂಡ್ಲೇ ಗೊತ್ತಾಗೋದು ಯಾರಿಗೆ? ಎಚ್‌ಆರ್‌ಗೆ ಗೊತ್ತಾಗಲ್ಲ, ಅವ್ರಿಗೆ ಡಿಪ್ಲೊಮಾ ಅಂತ ಕಂಡ ಕೂಡ್ಲೇ ಫಿಲ್ಟರ್ ಆಗೋಗುತ್ತೆ. ಫೆರೂಲ್ ಇಲ್ದೇ ಇರೋ ವೈರ್ ನೋಡಿದ್ರೆ ಮೈ ಉರಿಯೋದು ಯಾರಿಗೆ? ಕಮಿಷನಿಂಗ್ ಎಂಜಿನಿಯರ್‌ಗೆ, ಮೇಂಟೆನೆನ್ಸ್ ಹೆಡ್ಡಿಗೆ, ಡ್ರೈವ್ ಕಂಪನಿಗಳ ಸರ್ವೀಸ್ ಹುಡುಗ್ರಿಗೆ, ಮಷಿನ್ ಕಟ್ಟಿ ಕೊಡೋರಿಗೆ. ಹಂಗಿದ್ರೆ ಅವ್ರು ಬೇಕು.

480 ಜನರ ಪಟ್ಟೀಲಿ ಅಂಥೋರು ಎಷ್ಟಿದ್ರು ಗೊತ್ತಾ, ಒಂಬತ್ತು.

ಅಲ್ಲಿಂದ ರಿಕ್ವೆಸ್ಟ್ ಕಳ್ಸೋದು ವಾರಕ್ಕೆ ಐದಕ್ಕೆ ಇಳೀತು. ಮೊದ್ಲು ಅವರು ಬರ್ದಿರೋದನ್ನ ಓದೋದು, ಹೇಳೋಕೆ ಏನಾದ್ರೂ ಇದ್ರೆ ಕಾಮೆಂಟು, ಆಮೇಲೆ ರಿಕ್ವೆಸ್ಟು. ರಿಕ್ವೆಸ್ಟ್ ಜೊತೆ ಬೇರೆ ನೋಟ್ ಇಲ್ಲ, ಕಾಮೆಂಟೇ ನೋಟು. ಟೆಲಿಗ್ರಾಂನಲ್ಲಿ ಪಿಎಲ್‌ಸಿ ಗ್ರೂಪುಗಳು ಬೇಕಾದಷ್ಟಿದಾವೆ, ಮೂರಕ್ಕೆ ಸೇರ್ದ, ಎರಡರಿಂದ ವಾಪಸ್ ಬಂದ. ಅಲ್ಲಿ ನಡೀತಿದ್ದಿದ್ದು ಬರೀ ಕ್ರ್ಯಾಕ್ ಸಾಫ್ಟ್‌ವೇರ್ ಹಂಚೋದು. ಪಿಎಲ್‌ಸಿ ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್‌ಗಳಲ್ಲಿ ಸೀಮನ್ಸ್‌ನ ಟಿಐಎ ಪೋರ್ಟಲ್‌ಗೆ 21 ದಿನದ ಟ್ರಯಲ್ ಸಿಗುತ್ತೆ, ಕೋಡೆಸಿಸ್ ಅಂತೂ ಪ್ರೋಗ್ರಾಂ ಬರೆಯೋಕೆ ಫ್ರೀನೇ, ಕಲಿಯೋನಿಗೆ ಅಷ್ಟು ಸಾಕು. ಕ್ರ್ಯಾಕ್ ಕೇಳೋ ಜಾಗದಲ್ಲಿ ನಿನ್ನ ಹೆಸರು ಕಂಡ್ರೆ ನಾಳೆ ಕಂಪನಿಯವನು ಏನಂದ್ಕೋತಾನೆ ಅಂದೆ. ತಕ್ಷಣ ಒಪ್ಪಲಿಲ್ಲ, ಆ ಗ್ರೂಪಲ್ಲೇ ಜಾಸ್ತಿ ಜನ ಇರೋದು ಅಂತ ಎರಡು ದಿನ ಎಳೆದಾಡ್ದ, ಆಮೇಲೆ ಬಿಟ್ಟ.

ಗಂಗಾವತಿ ಮಿಲ್ಲು, ಹನ್ನೊಂದು ಮೀಟರು

ಇಡೀ ಪ್ರಕರಣ ತಿರುಗಿದ್ದು ಇಲ್ಲಿ, ಹಂಗಾಗಿ ಸ್ವಲ್ಪ ಟೆಕ್ನಿಕಲ್ ಆಗುತ್ತೆ, ಸಹಿಸ್ಕೊಳ್ಳಿ.

2023ರ ಜನವರಿ. ಗಂಗಾವತಿ ಕಡೆ ಒಂದು ಅಕ್ಕಿ ಮಿಲ್ಲಲ್ಲಿ ಹನ್ನೊಂದು ಎನರ್ಜಿ ಮೀಟರ್‌ಗಳನ್ನ ಆರ್‌ಎಸ್-485 ಎರಡು ತಂತಿ ಮೇಲೆ ಪಿಎಲ್‌ಸಿಗೆ ಜೋಡಿಸಿದ್ರು, ಮಾತಾಡೋ ಭಾಷೆ ಮಾಡ್‌ಬಸ್. ದೊಡ್ಡ ಬ್ಲೋವರ್‌ನ ವಿಎಫ್‌ಡಿ ಚಾಲೂ ಆದ ಕೂಡ್ಲೇ ಮೂರು ಮೀಟರ್ ಮಾತು ನಿಲ್ಲಿಸ್ತಿದ್ವು. ಮೀಟರೇ ಕೆಟ್ಟಿದೆ ಅಂತ ಮಿಲ್ಲಿನವ್ರು ಎರಡು ಸಲ ಬದಲಾಯ್ಸಿದ್ರು. ಮಂಜ ಹೋಗಿ ನೋಡಿದ್ರೆ, ಒಂದು ಮೀಟರಿಂದ ಇನ್ನೊಂದಕ್ಕೆ ಸಾಲಾಗಿ ಹೋಗ್ಬೇಕಾದ ಕೇಬಲ್ಲು ನಡುವೆ ಒಂದು ಕಡೆ ಕೊಂಬೆ ಒಡ್ದು ಮೂರು ಕಡೆ ಹೋಗಿದೆ, ಎರಡೂ ತುದೀಲಿ ಇರ್ಬೇಕಾದ 120 ಓಮ್ ರೆಸಿಸ್ಟರ್ ಒಂದು ತುದೀಲೂ ಇಲ್ಲ, ಸಾಲದ್ದಕ್ಕೆ ಆ ಕೇಬಲ್ಲು ವಿಎಫ್‌ಡಿಯ ಮೋಟರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಮಲಗಿದೆ. ಎಲ್ಲ ಸರಿ ಮಾಡ್ದ, ಮೂರರಲ್ಲಿ ಎರಡು ಮೀಟರ್ ಬಂದ್ವು, ಒಂದು ಆಗೀಗ ಇನ್ನೂ ತಪ್ಪಿಸ್ಕೊಳ್ತಿತ್ತು. ರಾತ್ರಿ ನನಗೆ ನಾಲ್ಕು ನಿಮಿಷದ ವಾಯ್ಸ್ ನೋಟ್ ಕಳ್ಸ್‌ದ, ಖುಷೀಲಿ.

"ಇದನ್ನೇ ಬರಿ" ಅಂದೆ.

"ನಾ ಏನ್ ಬರೀಬೇಕ್ರಿ ಸರ, ಇದೆಲ್ಲಾರಿಗೂ ಗೊತ್ತಿರೂದ. ಮ್ಯಾಲ ಇಂಗ್ಲಿಷ್ ಒಂದ್ ಬರಂಗಿಲ್ಲ."

ಎಲ್ಲರಿಗೂ ಗೊತ್ತಿದ್ರೆ ಎರಡು ಸಲ ಮೀಟರ್ ಯಾಕೆ ಬದಲಾಯ್ಸಿದ್ರು ಅಂತ ಕೇಳ್ದೆ. ಕೊನೆಗೆ ಒಂಬತ್ತು ಸಾಲು ಬರ್ದ, ಮುರುಕು ಇಂಗ್ಲಿಷಲ್ಲೇ, ನಾನು ತಿದ್ದಿದ್ದು ಎರಡೇ ಜಾಗ. ತಿದ್ದಿ ನುಣ್ಣಗೆ ಮಾಡಿದ್ರೆ ಅದು ಅವನ ದನಿ ಆಗಿರ್ತಿರ್ಲಿಲ್ಲ, ಮುಂದೆ ಫೋನಲ್ಲಿ ಯಾರಾದ್ರೂ ಮಾತಾಡ್ಸಿದಾಗ ಬೇರೆಯವನ ಥರ ಕಾಣ್ತಿದ್ದ. ಫೋಟೋ ವಿಷ್ಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಅವನು ತೆಗ್ದಿದ್ದ ಫೋಟೋದಲ್ಲಿ ಮಿಲ್ಲಿನ ಹೆಸರಿನ ಬೋರ್ಡು, ಸ್ಕ್ರೀನ್ ಮೇಲೆ ಉತ್ಪಾದನೆ ಲೆಕ್ಕ ಎಲ್ಲ ಕಾಣ್ತಿತ್ತು. ಅದನ್ನ ಕತ್ತರಿಸಿ ಬರೀ ಟ್ರೇ ಮತ್ತೆ ಟರ್ಮಿನಲ್ ಉಳಿಸ್ದ, ಹಾಕೋಕೆ ಮುಂಚೆ ಮಾಲಕರನ್ನ ಕೇಳ್ದ. ಬಳೆ ಪ್ರಸಂಗ ಆದ್ಮೇಲೆ ಅವನಿಗೇ ಹೆದರಿಕೆ ಇತ್ತು. ಮಾಲಕ್ರು "ನಮ್ಮ ಶಾಪಿನ ಹೆಸರು ಬರ್ತೈತೇನು? ಹಂಗಾರ ಹಾಕು" ಅಂದ್ರು. ಇದು ನಾನು ಅಂದ್ಕೊಂಡಿರ್ಲಿಲ್ಲ.

ಬಂದಿದ್ದು ಹದಿನಾಲ್ಕು ಲೈಕು, ಹನ್ನೊಂದು ಪಾಲಿಟೆಕ್ನಿಕ್ ಗೆಳೆಯರದ್ದು. ಮೂರು ಕಾಮೆಂಟು, ಅದ್ರಲ್ಲಿ ಒಂದು ಪುಣೆಯ ಒಬ್ಬ ಹಿರಿಯ ಸರ್ವೀಸ್ ಎಂಜಿನಿಯರದ್ದು, ಒಂದೇ ಸಾಲು: ಬಯಾಸಿಂಗ್ ನೋಡಿದ್ರಾ?

ಮಂಜನಿಗೆ ಬಯಾಸಿಂಗ್ ಅಂದ್ರೇನು ಗೊತ್ತಿಲ್ಲ. ನನಗೆ ಫೋನ್ ಮಾಡ್ದ, ಏನ್ ಉತ್ತರ ಬರೀಲಿ ಅಂತ. ನಾನು ಹೇಳ್ಕೊಡಬಹುದಿತ್ತು, ಹೇಳ್ಲಿಲ್ಲ. ಗೊತ್ತಿಲ್ಲ, ಮುಂದಿನ ಸಲ ಹೋದಾಗ ನೋಡಿ ಹೇಳ್ತೀನಿ ಅಂತ ಬರಿ ಅಂದೆ. ಹಂಗೇ ಬರ್ದ. ಇಂಥ ಮಾತು ಆನ್‌ಲೈನಲ್ಲಿ ದಿನಕ್ಕೆ ಸಾವಿರ ಜನ ಹೇಳ್ತಾರೆ, ವಾಪಸ್ ಬರೋನು ಒಬ್ಬನೂ ಇಲ್ಲ.

ಇವನು ಒಂಬತ್ತು ದಿನಕ್ಕೆ ವಾಪಸ್ ಬಂದ. ಮಿಲ್ಲಿಗೆ ಬೇರೆ ಕೆಲ್ಸಕ್ಕೆ ಹೋದಾಗ ಮಾಸ್ಟರ್, ಅಂದ್ರೆ ಮಾತು ಶುರು ಮಾಡೋ ಪಿಎಲ್‌ಸಿನ ನಿಲ್ಸಿ, ಎರಡು ತಂತಿ ನಡುವೆ ಮಲ್ಟಿಮೀಟರ್ ಇಟ್ಟು ಅಳೆದಿದ್ದಾನೆ, 40 ಮಿಲಿವೋಲ್ಟ್. ಆರ್‌ಎಸ್-485ನಲ್ಲಿ ಯಾರೂ ಮಾತಾಡ್ದೇ ಇರೋವಾಗ್ಲೂ ಆ ವ್ಯತ್ಯಾಸ 200 ಮಿಲಿವೋಲ್ಟ್ ಮೇಲಿರ್ಬೇಕು, ಇಲ್ಲಾಂದ್ರೆ ಕೇಳಿಸ್ಕೊಳ್ಳೋ ಕಡೆಗೆ ಸೊನ್ನೆನೋ ಒಂದೋ ಗೊತ್ತಾಗಲ್ಲ, ಗದ್ದಲಾನೇ ಮಾತು ಅಂದ್ಕೊಳ್ಳುತ್ತೆ. ಆ ವ್ಯತ್ಯಾಸ ಉಳಿಯೋ ಹಂಗೆ ಸಣ್ಣ ವೋಲ್ಟೇಜ್ ಕೊಟ್ಟಿಡೋದೇ ಬಯಾಸಿಂಗ್. ಐದು ವೋಲ್ಟಿಂದ ಮೇಲೊಂದು ಕೆಳಗೊಂದು 680 ಓಮ್ ಕೊಟ್ರೆ, ಎರಡು ತುದಿಯ 120 ಸೇರಿ 60 ಓಮ್ ಆಗುತ್ತಲ್ಲ, ಲೆಕ್ಕ ಹಾಕಿದ್ರೆ ಅಲ್ಲಿ 211 ಮಿಲಿವೋಲ್ಟ್ ಬೀಳುತ್ತೆ. ಇವನು ಹುಬ್ಬಳ್ಳಿಯಿಂದ ಎರಡು ರೆಸಿಸ್ಟರ್ ಜೇಬಲ್ಲಿ ಹಾಕ್ಕೊಂಡೇ ಹೋಗಿದ್ದ. ಹಾಕ್ದ, ಅಳೆದ, 208. ಹನ್ನೊಂದನೇ ಮೀಟರೂ ಮಾತಾಡ್ತು. ಮೊದ್ಲು ಮತ್ತೆ ಆಮೇಲಿನ ರೀಡಿಂಗ್ ಎರಡೂ ಫೋಟೋ ತೆಗ್ದು ಅದೇ ಕಾಮೆಂಟಿನ ಕೆಳಗೆ ಹಾಕಿ, ನಿಮ್ಮಿಂದ ಸಿಕ್ತು ಅಂತ ಬರ್ದ.

ಪುಣೆಯವ್ರು ಅವತ್ತೇ ತಾವಾಗೇ ಕನೆಕ್ಟ್ ಆದ್ರು. ವಾರ ಬಿಟ್ಟು ಫೋನಲ್ಲಿ ಅರ್ಧ ಗಂಟೆ ಮಾತಾಡಿದ್ರು, ಹಿಂದಿಯಲ್ಲಿ. ಇವನು ಅವ್ರನ್ನ ಕಾಕಾ, ಅಂದ್ರೆ ಚಿಕ್ಕಪ್ಪ ಅಂತಾನೇ ಕರೀತಾನೆ, ಪುಣೆ ಕಡೆ ಹುಬ್ಬಳ್ಳಿ ಕಡೆ ಎರಡೂ ಕಡೆ ಸಲ್ಲೋ ಪದ.

ನನ್ನ ಎಡವಟ್ಟು

ಒಂದು ಪೋಸ್ಟ್ ಚೆನ್ನಾಗಿ ಹೋಯ್ತಲ್ಲ, ನನಗೆ ಹುರುಪು ಬಂತು. ವಾರಕ್ಕೆ ಮೂರು ಹಾಕು ಅಂದೆ. ಅಲ್ಲಪ್ಪಾ, ವಾರಕ್ಕೆ ಮೂರು ಸಲ ಬರೆಯೋ ಅಂಥದ್ದು ಯಾರ ಕೆಲಸದಲ್ಲಿ ನಡೆಯುತ್ತೆ? ನನ್ನ ಕೆಲಸದಲ್ಲೂ ನಡೆಯಲ್ಲ. ಮೂರು ವಾರದಲ್ಲಿ ಸರಕು ಖಾಲಿ. ಆಮೇಲೆ ಶುರುವಾಯ್ತು ನೋಡಿ, ಸೋಮವಾರದ ಸ್ಫೂರ್ತಿ ಮಾತು, ಗುಲಾಬಿ ಹೂವಿನ ಗುಡ್ ಮಾರ್ನಿಂಗು, ಯುಗಾದಿ ಶುಭಾಶಯದ ಪೋಸ್ಟರು. ಲೈಕು ಜಾಸ್ತೀನೇ ಬಂತು, ಮಾತಾಡೋರು ಕಡಿಮೆ ಆದ್ರು.

ಏಪ್ರಿಲಲ್ಲಿ ಮೋಟರ್ ಸ್ಟಾರ್ಟ್ ಮಾಡೋ ಒಂದು ಸ್ಟಾರ್-ಡೆಲ್ಟಾ ವೈರಿಂಗ್ ಚಿತ್ರ ಎಲ್ಲಿಂದಲೋ ತೆಗ್ದು ತನ್ನದೇ ಅನ್ನೋ ಥರ ಹಾಕ್ದ. ಬರೆದವ್ರು ಕೇರಳದ ಒಬ್ಬ ಐಟಿಐ ಮೇಷ್ಟ್ರು, ಅವರೇ ಬಂದು ಕಾಮೆಂಟಲ್ಲಿ, ಇದು ನಾನು ಬಿಡಿಸಿದ್ದು, ಮೂಲೆಯಲ್ಲಿದ್ದ ನನ್ನ ಸಹಿ ಎಲ್ಲಿ ಅಂತ ಕೇಳಿದ್ರು. ಮಂಜ ಗಾಬರಿಯಾಗಿ ಪೋಸ್ಟ್ ಡಿಲೀಟ್ ಮಾಡೋಕೆ ಹೊರಟಿದ್ದ. ಬರೀ ಡಿಲೀಟ್ ಮಾಡಿದ್ರೆ ಕಳ್ಳ ಓಡಿಹೋದ ಅಂತಾಗುತ್ತೆ. ಮೊದ್ಲು ಅಲ್ಲೇ ಕ್ಷಮೆ ಕೇಳಿ, ಅವ್ರಿಗೆ ನೇರ ಮೆಸೇಜು ಮಾಡಿ, ಅವರ ಮೂಲ ಪೋಸ್ಟನ್ನೇ ಹಂಚಿ, ಆಮೇಲೆ ತೆಗ್ದ. ಮೇಷ್ಟ್ರು ದೊಡ್ಡ ಮನಸ್ಸು ಮಾಡಿದ್ರು. ಕಾಕಾ ಮಾತ್ರ ಎರಡು ತಿಂಗಳು ಏನೂ ಮಾತಾಡ್ಲಿಲ್ಲ, ಈ ಕಾರಣಕ್ಕೋ ಬೇರೆ ಕೆಲ್ಸದಲ್ಲಿದ್ರೋ ಮಂಜ ಇವತ್ತಿಗೂ ಕೇಳಿಲ್ಲ.

ವಾರಕ್ಕೆ ಮೂರು ಅನ್ನೋದನ್ನ ಅವತ್ತೇ ವಾಪಸ್ ತಗೊಂಡೆ. ಸೈಟಲ್ಲಿ ಏನಾದ್ರೂ ಆದ್ರೆ ಬರಿ, ಇಲ್ಲಾಂದ್ರೆ ಬೇರೆಯವರ ಡೌಟಿಗೆ ಉತ್ತರ ಕೊಡು, ದಿನಕ್ಕೆ ಇಪ್ಪತ್ತು ನಿಮಿಷ, ಊಟ ಆದ್ಮೇಲೆ. ಆಮೇಲಿನ ಒಂದು ವರ್ಷದಲ್ಲಿ ಅವನು ಹಾಕಿದ ಪೋಸ್ಟು ಒಟ್ಟು ಹದಿನಾರು. ಉತ್ತರಗಳಿಗೆ ಲೆಕ್ಕ ಇಲ್ಲ.

ಉದ್ರಿ ಪುಸ್ತಕ

ಇದು ನನ್ನ ಐಡಿಯಾ ಅಲ್ಲ, ಪೂರ್ತಿ ಅವನದ್ದು, ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಜಾಣತನದ ಕೆಲ್ಸ ಇದೇ. ಅಪ್ಪನ ಅಂಗಡೀಲಿ ಉದ್ದನೆಯ ಕೆಂಪು ಬೈಂಡಿನ ಉದ್ರಿ ಪುಸ್ತಕ ಇರುತ್ತಲ್ಲ, ಅಂಥದ್ದೇ ಒಂದು ಇಟ್ಕೊಂಡ. ಎಡಗಡೆ, ಇವರಿಂದ ನನಗೆ ಬಂದಿದ್ದು. ಬಲಗಡೆ, ನಾನು ಇವರಿಗೆ ಕೊಟ್ಟಿದ್ದು. ಕಾಕಾ ಹೆಸರಿನ ಪುಟದಲ್ಲಿ ಎಡಗಡೆ ಬಯಾಸಿಂಗ್, ಗ್ರೌಂಡಿಂಗ್ ಪಿಡಿಎಫ್, ಅರ್ಧ ಗಂಟೆ ಫೋನು. ಬಲಗಡೆ ಬಹಳ ದಿನ ಖಾಲಿ. ಆಮೇಲೊಂದಿನ ಕಾಕಾ, ಹುಬ್ಬಳ್ಳಿಯಲ್ಲಿ ಹಳೇ ಮಾಡೆಲ್ ಡ್ರೈವಿನ ಕಂಟ್ರೋಲ್ ಕಾರ್ಡ್ ಒಂದು ಸಿಗುತ್ತಾ ನೋಡಪ್ಪಾ ಅಂತ ಕೇಳಿದ್ರು, ಇವನು ಸ್ಕ್ರ್ಯಾಪ್ ಅಂಗಡಿಗಳನ್ನೆಲ್ಲ ಸುತ್ತಿ ಎರಡು ದಿನದಲ್ಲಿ ಹುಡ್ಕಿ ಬಸ್ಸಿಗೆ ಹಾಕಿ ಕಳ್ಸ್‌ದ, ದುಡ್ಡು ಬೇಡ ಅನ್ನಲಿಲ್ಲ, ಕೊಂಡ ರೇಟನ್ನೇ ಹೇಳ್ದ. ಬಲಗಡೆ ಬರ್ಕೊಂಡ: ಕಾರ್ಡ್, ಬಸ್ ಚಾರ್ಜ್ ನಂದು.

ಕನೆಕ್ಷನ್ ಲೆಕ್ಕ ಆ ಹೊತ್ತಿಗೆ 1,900 ಹತ್ರ ಆಗಿತ್ತು. ಪುಸ್ತಕದಲ್ಲಿ ಹೆಸರು 43. ನೆಟ್‌ವರ್ಕ್ ಅಂದ್ರೆ ಆ 43, ಮಿಕ್ಕಿದ್ದು ಜಾತ್ರೆ ಜನ.

ಎಡಗಡೆ ತುಂಬಿ ಬಲಗಡೆ ಖಾಲಿ ಇದ್ರೆ ಅವ್ರ ಹತ್ರ ಇನ್ನೇನೂ ಕೇಳಬಾರ್ದು ಅಂತ ಅವನೇ ನಿಯಮ ಮಾಡ್ಕೊಂಡಿದ್ದ. ಅದಕ್ಕೊಂದು ಕಾರಣ ಇತ್ತು. ಬೆಂಗಳೂರಿನ ಒಬ್ಬ ಪ್ರಾಜೆಕ್ಟ್ ಮ್ಯಾನೇಜರು ಎರಡು ಸಲ ಇವನ ಪೋಸ್ಟಿಗೆ ಚೆನ್ನಾಗಿ ಮಾತಾಡಿದ್ರು, ಮೂರನೇ ಮೆಸೇಜಲ್ಲೇ ಇವನು, ಸರ್ ನಿಮ್ಮಲ್ಲಿ ವೇಕೆನ್ಸಿ ಇದೆಯಾ, ರೆಸ್ಯೂಮೆ ಕಳಿಸ್ಲಾ ಅಂದ. ಮನೆಗೆ ಬಂದೋನು ನೀರು ಕುಡಿಯೋ ಮುಂಚೆ ಹೆಣ್ಣು ಕೇಳ್ದಂಗೆ. ಅವ್ರು ಅಲ್ಲಿಗೇ ಮೌನ. ಅವ್ರು ಕೆಟ್ಟವ್ರು ಅಂತಲ್ಲ, ಇಲ್ಲ ಅನ್ನೋಕೆ ಮುಜುಗರ, ಹೌದು ಅನ್ನೋಕೆ ಪರಿಚಯ ಸಾಲದು, ಸುಮ್ನಿರೋದೇ ಸುಲಭ. ಆಮೇಲೆ ಅವನು ಕೇಳೋ ಪ್ರಶ್ನೆಗಳ ರೀತಿನೇ ಬದಲಾಯ್ತು. ನಿಮ್ಮ ಪ್ಲಾಂಟಲ್ಲಿ ಕಮಿಷನಿಂಗ್ ನಿಮ್ಮವ್ರೇ ಮಾಡ್ತಾರಾ, ವೆಂಡರ್ ಕಡೆಯವ್ರಾ? ಡಿಪ್ಲೊಮಾದವನು ಈ ಲೈನಿಗೆ ಬಂದ್ರೆ ಮೊದ್ಲು ಡ್ರೈವ್ ಕಲೀಬೇಕಾ, ಪಿಎಲ್‌ಸಿ ಕಲೀಬೇಕಾ? ಊಟದ ಬಿಡುವಲ್ಲಿ ಒಂದು ಸಾಲಲ್ಲಿ ಉತ್ತರಿಸಬಹುದಾದಂಥವು. ಅಂಥವಕ್ಕೆ ಜನ ಉತ್ತರ ಕೊಡ್ತಾರೆ, ಕೊಟ್ಮೇಲೆ ನೆನಪಲ್ಲೂ ಇಟ್ಕೋತಾರೆ.

ಆರು ದಿನ

2023ರ ನವೆಂಬರ್. ಚೆನ್ನೈಲಿ ಕಾಕಾನ ಹಳೇ ಶಿಷ್ಯ ಒಬ್ರು ಮಷಿನ್ ಕಟ್ಟೋ ಕಂಪನೀಲಿದಾರೆ. ಅವರ ಮಷಿನ್ ಒಂದು ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಂಟಿಗೆ ಬಂದಿತ್ತು, ಡ್ರೈವ್‌ಗಳು ಮೀಟರ್‌ಗಳು ಪಿಎಲ್‌ಸಿ ಜೊತೆ ಮಾತಾಡ್ತಿಲ್ಲ, ಚೆನ್ನೈಯಿಂದ ಕಳ್ಸೋಕೆ ಜನ ಇಲ್ಲ, ಪ್ಲಾಂಟ್ ಶಟ್‌ಡೌನ್ ಇರೋದು ಆರೇ ದಿನ. ಹತ್ರದಲ್ಲಿ ಯಾರಾದ್ರೂ ಇದಾರಾ ಅಂತ ಅವ್ರು ಕಾಕಾನ ಕೇಳಿದ್ರು. ಕಾಕಾ ರೆಸ್ಯೂಮೆ ಕಳ್ಸ್‌ಲಿಲ್ಲ, ಆ ಗಂಗಾವತಿ ಕಾಮೆಂಟಿನ ಲಿಂಕ್ ಕಳ್ಸಿದ್ರು, 40 ಮತ್ತೆ 208 ಇರೋ ಎರಡು ಫೋಟೋ. ಹತ್ತು ತಿಂಗಳ ಹಿಂದಿನದ್ದು.

ಗೋಕುಲ್ ರೋಡಿಂದ ಬೇಲೂರು ಮೂವತ್ತು ಚಿಲ್ಲರೆ ಕಿಲೋಮೀಟರು. ಐದು ವರ್ಷ ದಿನಾ ಆ ಕಡೆ ಹೋಗೋ ಬಸ್ ನೋಡ್ತಿದ್ದವನಿಗೆ ಆ ಪ್ಲಾಂಟಿನ ಬಾಗಿಲು ತೆಗ್ದಿದ್ದು ಪುಣೆ ಚೆನ್ನೈ ಸುತ್ತಿ.

ಈಗ ನಿರ್ಧಾರ. ಆರು ದಿನ ರಜೆ ಹೆಂಗೆ? ಜ್ವರ ಅಂತ ಹೇಳಿಬಿಡೋಣ ಅಂತಿದ್ದ. ಹುಬ್ಬಳ್ಳಿ-ಧಾರವಾಡದಲ್ಲಿ ಪ್ಯಾನೆಲ್ ಲೈನಿನವ್ರಿಗೆಲ್ಲ ಒಬ್ರಿಗೊಬ್ರು ಗೊತ್ತು, ಮೂರನೇ ದಿನಕ್ಕೆ ಮಾಲಕ್ರ ಕಿವಿಗೆ ಬೀಳುತ್ತೆ ಅಂತ ನಾನಂದೆ. ಒಂದು ರಾತ್ರಿ ನಿದ್ದೆ ಕೆಡಿಸ್ಕೊಂಡು, ಬೆಳಿಗ್ಗೆ ಹೋಗಿ ಇದ್ದಿದ್ದು ಇದ್ದಂಗೆ ಹೇಳ್ದ. ಮಾಲಕ್ರು ಕೂಗಾಡಿದ್ರು, ಮಧ್ಯಾಹ್ನದವರೆಗೆ ಮಾತು ಬಿಟ್ರು, ಸಂಜೆ ಕರೆದು ವ್ಯಾಪಾರಸ್ಥರ ಬುದ್ಧಿ ತೋರ್ಸಿದ್ರು: "ಬಿಲ್ ನಮ್ಮ ಶಾಪಿನ ಹೆಸರ್ಲೆ ಆಗ್ಲಿ. ಅರ್ಧ ನಿಂದು." ಚೆನ್ನೈಯವ್ರಿಗೂ ಅದೇ ಬೇಕಿತ್ತು, ಜಿಎಸ್‌ಟಿ ಬಿಲ್ ಕೊಡೋರು.

ಆರು ದಿನದ ಕೆಲ್ಸ ಐದು ದಿನಕ್ಕೆ ಮುಗೀತು. ಆರನೇ ದಿನ ಇವನು ಹೋಗಿ ಪ್ಲಾಂಟಿನ ಎಲೆಕ್ಟ್ರಿಷಿಯನ್‌ಗಳಿಗೆ ಏನೇನು ಬದಲಾಯ್ಸಿದೀನಿ ಅಂತ ಡ್ರಾಯಿಂಗ್ ಮೇಲೆ ಕೆಂಪು ಪೆನ್ನಲ್ಲಿ ಗುರುತು ಮಾಡ್ಕೊಟ್ಟು ಬಂದ. ಮೇಂಟೆನೆನ್ಸ್ ಹೆಡ್ ಅದನ್ನ ನೋಡಿದ್ರಂತೆ, ಅವತ್ತು ಏನೂ ಅನ್ನಲಿಲ್ಲ. 2024ರ ಮಾರ್ಚಲ್ಲಿ ಅವ್ರಿಂದಲೇ ಫೋನು. ಸಂಬಳ ಮೂವತ್ತೊಂದು ಸಾವಿರ. ಶಾಪಲ್ಲಿ ಒಂದು ತಿಂಗಳು ನಿಂತು ಒಬ್ಬ ಹುಡುಗನಿಗೆ ಕೆಲ್ಸ ಕಲ್ಸಿ ಬಿಟ್ಟ. ಆ ಪ್ಲಾಂಟಿನ ಮುಂದಿನ ಎರಡು ಪ್ಯಾನೆಲ್ ಆರ್ಡರ್ ಅವನ ಹಳೇ ಮಾಲಕರಿಗೇ ಬಂತು, ಇವನ ಶಿಫಾರಸಿಂದಲ್ಲ, ರೇಟ್ ಕಡಿಮೆ ಇತ್ತು ಅಂತ.

ಇದನ್ನ ಅಧ್ಯಯನ ಮಾಡಿದೋರು ಹೆಂಗೆ ನೋಡ್ತಾರೆ

ಕೆಲ್ಸ ಕೊಡ್ಸಿದ್ದು ಹತ್ತಿರದವನಾದ ನಾನಲ್ಲ, ಒಂದೆರಡು ಸಲ ಫೋನಲ್ಲಿ ಮಾತಾಡಿದ ಕಾಕಾ, ಅವರ ಆ ಕಡೆ ಇರೋ, ಇವನು ಮುಖಾನೇ ನೋಡಿರದ ಚೆನ್ನೈಯವರು. ಇದು ಮಂಜನಿಗೆ ಮಾತ್ರ ಆದ ವಿಚಿತ್ರ ಅಲ್ಲ. ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನ ಬರ್ದಿದ್ದ, ಪರಿಚಯದ ಮೂಲಕ ಕೆಲ್ಸ ಸಿಕ್ಕೋರನ್ನ ಕೇಳಿದಾಗ ಆ ಪರಿಚಯಸ್ಥರನ್ನ ಆಗಾಗ ನೋಡ್ತಿದ್ದೋರು ನೂರಕ್ಕೆ 16.7 ಮಾತ್ರ, ಯಾವಾಗಾದ್ರೊಮ್ಮೆ ನೋಡ್ತಿದ್ದೋರು 55.6, ಅಪರೂಪಕ್ಕೆ ನೋಡ್ತಿದ್ದೋರು 27.8. ಹತ್ರದವರಿಗೆ ನಮಗೆ ಗೊತ್ತಿರೋದೇ ಗೊತ್ತಿರುತ್ತೆ, ಗೋಕುಲ್ ರೋಡಿನ ನಾಲ್ಕು ಎಲೆಕ್ಟ್ರಿಷಿಯನ್‌ಗಳ ಕಥೆ ಅದೇ. 2022ರಲ್ಲಿ ಸೈನ್ಸ್ ಪತ್ರಿಕೇಲಿ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಜನರ ಮೇಲೆ ಐದು ವರ್ಷ ಮಾಡಿದ ಪ್ರಯೋಗ ಬಂತು, ಅದ್ರಲ್ಲೂ ಕೆಲ್ಸ ಬದಲಾಯ್ಸೋಕೆ ಹೆಚ್ಚು ನೆರವಾಗಿದ್ದು ತೀರಾ ಹತ್ರದವ್ರೂ ಅಲ್ಲ ತೀರಾ ಅಪರಿಚಿತರೂ ಅಲ್ಲ, ನಡುವಿನವ್ರು. ಆದ್ರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಕಂಪ್ಯೂಟರ್ ಬಳಕೆ ಕಡಿಮೆ ಇರೋ ಉದ್ಯಮಗಳಲ್ಲಿ ಹತ್ರದ ಪರಿಚಯಾನೇ ಹೆಚ್ಚು ಕೆಲ್ಸಕ್ಕೆ ಬರುತ್ತೆ. ಹಂಗಾಗಿ ಇಲ್ಲಿ ನಡೆದಿದ್ದು ವೆಲ್ಡರ್‌ಗೂ ಬಡಗಿಗೂ ಹಂಗೇ ನಡೆಯುತ್ತೆ ಅಂತ ನಾನು ಹೇಳಲ್ಲ.

480 ರಿಕ್ವೆಸ್ಟ್‌ಗೂ ಕಾಕಾಗೂ ವ್ಯತ್ಯಾಸ ಇರೋದು, ನನ್ನ ಕಣ್ಣಿಗೆ ಕಂಡಿದ್ದು, ಆ ಒಂಬತ್ತು ದಿನದಲ್ಲಿ. ಪೋಸ್ಟಿಂದ ಬಂದಿದ್ದು ಹದಿನಾಲ್ಕು ಲೈಕು. ಗೊತ್ತಿಲ್ಲ ಅಂದು, ಹೋಗಿ ಅಳೆದು, ವಾಪಸ್ ಬಂದು ಹೇಳಿದ್ದಕ್ಕೆ ಒಬ್ಬ ಮನುಷ್ಯ ಸಿಕ್ಕಿದ್ರು.

ಎಲ್ಲಿ ಇದು ನಡೀಲಿಲ್ಲ

ಅದೇ ಶಾಪಲ್ಲಿ ಡಿಸೈನ್ ಮಾಡೋ ಒಬ್ಬ ಹೆಣ್ಣುಮಗಳು ಇದಾಳೆ, ಮಂಜನಿಗಿಂತ ಡ್ರಾಯಿಂಗಲ್ಲಿ ಎರಡು ಪಟ್ಟು ಜೋರು. ಇವನ ದಾರೀನೇ ಹಿಡಿದ್ಲು. ಕೇಬಲ್ ಸೈಜಿಂಗ್ ಮೇಲೆ ಒಳ್ಳೇ ಪೋಸ್ಟ್ ಹಾಕಿದ್ಲು, ಫೋಟೋ ಸಮೇತ ಪ್ರೊಫೈಲ್. ಮೊದ್ಲ ವಾರದಲ್ಲಿ ಇನ್‌ಬಾಕ್ಸಿಗೆ ಬಂದ ಮೆಸೇಜು ಮೂವತ್ತರ ಮೇಲೆ, ಕೇಬಲ್ ಬಗ್ಗೆ ಕೇಳಿದ್ದು ಎರಡು. ಮಿಕ್ಕಿದ್ದನ್ನ ಇಲ್ಲಿ ಬರೆಯೋ ಹಂಗಿಲ್ಲ. ಟೆಲಿಗ್ರಾಂ ಗ್ರೂಪಿಂದ ಯಾರೋ ನಂಬರ್ ತೆಗ್ದು ರಾತ್ರಿ ಫೋನು. ಇದನ್ನೆಲ್ಲ ಅವಳು ನನಗೆ ಹೇಳಿದ್ಮೇಲೇ ನನಗೆ ಹೊಳೆದಿದ್ದು, ದಿನಾ ರಾತ್ರಿ ಇಪ್ಪತ್ತು ನಿಮಿಷ ಕೂತು ಅಪರಿಚಿತರಿಗೆ ಉತ್ತರ ಕೊಡು ಅಂತ ನಾನು ಆರಾಮಾಗಿ ಹೇಳ್ತಿದ್ನಲ್ಲ, ಅದು ಗಂಡಸಿಗೆ ಗಂಡಸು ಹೇಳಿದ್ದು ಅಂತ.

ಈಗ ಅವಳು ಟೆಲಿಗ್ರಾಂನಲ್ಲಿ ನಂಬರ್ ಯಾರಿಗೂ ಕಾಣ್ದಂಗೆ ಮಾಡಿ ಬರೀ ಯೂಸರ್‌ನೇಮ್ ಇಟ್ಕೊಂಡಿದಾಳೆ, ಮಾತೆಲ್ಲ ಕಾಮೆಂಟಲ್ಲೇ, ಎಲ್ಲರಿಗೂ ಕಾಣೋ ಹಂಗೆ, ಇನ್‌ಬಾಕ್ಸ್ ತೆಗೆಯೋದು ಶನಿವಾರ ಒಂದ್ಸಲ. ಪ್ಯಾನೆಲ್ ಡಿಸೈನ್ ಮಾಡೋ ಐದಾರು ಹೆಣ್ಣುಮಕ್ಕಳು ಸೇರಿ ಒಂದು ಸಣ್ಣ ಗ್ರೂಪ್ ಮಾಡ್ಕೊಂಡಿದಾರೆ, ಕೊಯಮತ್ತೂರಿನವ್ರೂ ಇದಾರೆ, ಹೊಸಬರು ಬರ್ಬೇಕಂದ್ರೆ ಒಳಗಿರೋರಲ್ಲಿ ಇಬ್ರು ಹೂಂ ಅನ್ನಬೇಕು. ಮಂಜನಿಂದ ಅವಳು ತಗೊಂಡಿದ್ದು ಉದ್ರಿ ಪುಸ್ತಕ ಒಂದೇ. ಹೋದ ತಿಂಗಳು ಕೇಳಿದಾಗ ಅದ್ರಲ್ಲಿ ಹನ್ನೊಂದು ಹೆಸರಿದ್ವು, ಬಲಗಡೆ ಎಲ್ಲ ಪುಟದಲ್ಲೂ ಏನಾದ್ರೂ ಬರ್ದಿತ್ತು. ಕೆಲ್ಸ ಇನ್ನೂ ಹುಡುಕ್ತಿದಾಳೆ.